ತಾಂಬರಂ ಸ್ಯಾನಟೋರಿಯಂನಿಂದ ಚೆಟ್‌ಪೇಟ್‌ಗೆ: ಹಾಸಿಗೆ, ಊಟ ಮತ್ತು ಮಾತ್ರೆಯ ಕಥೆ

ವಿಡಿಯೊದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ, ಅವಸರದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೀನಿ.

ಚೆನ್ನೈನಲ್ಲಿರೋ ನಮ್ಮವರಿಗೆಲ್ಲ ಬೀಚ್–ತಾಂಬರಂ ಲೋಕಲ್ ಗೊತ್ತು. ತಾಂಬರಂಗೆ ಒಂದು ಸ್ಟೇಷನ್ ಮುಂಚೆ ಇನ್ನೊಂದು ಸ್ಟೇಷನ್ ಬರುತ್ತೆ, ಹೆಸರು ತಾಂಬರಂ ಸ್ಯಾನಟೋರಿಯಂ. ಬೆಳಿಗ್ಗೆ ಹೊತ್ತು ಕೊರಳಲ್ಲಿ ಕಂಪನಿ ಬಿಲ್ಲೆ ಹಾಕಿಕೊಂಡ ಹುಡುಗ ಹುಡುಗಿಯರು ಸಾಲಾಗಿ ಇಳಿಯುತ್ತಾರೆ. ಒಂದು ಕಾಲದಲ್ಲಿ ಆ ಹೆಸರು ಕೇಳಿದರೆ ಜನ ಧ್ವನಿ ತಗ್ಗಿಸುತ್ತಿದ್ದರು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಅದೇ ಲೈನಿನಲ್ಲಿ ಈ ತುದಿಗೆ, ಎಗ್ಮೋರ್ ದಾಟಿದ ಕೂಡಲೇ ಚೆಟ್‌ಪೇಟ್. ಸ್ಯಾನಟೋರಿಯಂ ಅನ್ನೋ ಕಲ್ಪನೆಯನ್ನೇ ಜಗತ್ತಿನಿಂದ ಹೊರಗೆ ಕಳಿಸಿದ ಒಂದು ಪ್ರಯೋಗ ನಡೆದದ್ದು ಅಲ್ಲಿನ ಕೇಂದ್ರದಿಂದ. ಇಪ್ಪತ್ತು ವರ್ಷದಿಂದ ಈ ರೈಲಿನಲ್ಲಿ ಓಡಾಡ್ತಿದ್ದೀನಿ. ಈ ಎರಡು ಸ್ಟೇಷನ್ನುಗಳ ನಂಟು ನನಗೆ ತಿಳಿದದ್ದು ಮಾತ್ರ ಹೋದ ವರ್ಷ, ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಕೂತಿದ್ದಾಗ.

ವಾರ್ಡಿನಲ್ಲಿದ್ದವರು ನಮ್ಮ ಸೋದರಮಾವ. ಎಂಬತ್ತು ವಯಸ್ಸು, ಕುಂದಾಪುರದ ಕಡೆಯವರು. ಹುಡುಗನಾಗಿ ಮದ್ರಾಸಿಗೆ ಬಂದು ಉಡುಪಿ ಹೋಟೆಲಿನ ಅಡುಗೆಮನೆ ಸೇರಿದರು, ನಲವತ್ತು ವರ್ಷ ಅಲ್ಲೇ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೆ ಸೌದೆ ಒಲೆಯ ಹೊಗೆ ಕುಡಿದ ಲೆಕ್ಕ ಯಾರು ಇಟ್ಟಿದ್ದಾರೆ? ಈಗ ಸಿಒಪಿಡಿ. ಶ್ವಾಸಕೋಶದ ಒಳದಾರಿಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸರಾಗವಾಗಿ ಹೊರಗೆ ಬರೋದಿಲ್ಲ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿ ಮಲಗಿಸಿದ್ದರು.

ಎರಡನೇ ದಿನ ಬೆಳಿಗ್ಗೆ ಫಿಸಿಯೋಥೆರಪಿಯ ಹುಡುಗಿ ಬಂದು, ಸಿಲಿಂಡರನ್ನು ಗಾಲಿಯ ಮೇಲಿಟ್ಟು, "ನಡಂಗ ಐಯಾ" ಅಂದಳು. ತಮಿಳಾದರೂ ಅರ್ಥ ಆಗೋ ಮಾತೇ. ಅತ್ತೆ ಸಿಟ್ಟಾದರು. "ಕೂತಲ್ಲೇ ಉಸಿರು ಹತ್ತೂದಿಲ್ಲ, ಇವರನ್ನ ನಡೆಸ್ತಾರಂತೆ! ಮಲಗಿರ್ಲಿ, ಹಾಲು ತುಪ್ಪ ಹೊಟ್ಟೆಗೆ ಹೋದ್ರೆ ಸಾಕು." ಸಂಜೆ ಊಟದ ತಟ್ಟೆ ಬಂತು. ಮೂರು ತುತ್ತು ತಿಂದು ಮಾವ ತಟ್ಟೆ ಸರಿಸಿದರು. ಊಟ ಹಾಗೇ ವಾಪಸ್ ಹೋಯ್ತು, ಯಾರೂ ಏನೂ ಬರೆದುಕೊಳ್ಳಲಿಲ್ಲ. ನಡಿಗೆಯ ಬಗ್ಗೆ ಜಗಳ ಆಯಿತು, ಊಟದ ಬಗ್ಗೆ ಆಗಲಿಲ್ಲ. ಅತ್ತೆಯ ಮಾತಿನಲ್ಲಿ ಅರ್ಧ ತಪ್ಪಿತ್ತು, ಅರ್ಧ ಸರಿಯಿತ್ತು. ಆ ಎರಡು ಅರ್ಧಗಳೂ ಬಂದದ್ದು ಒಂದೇ ಜಾಗದಿಂದ, ಅಂದ್ರೆ ಸ್ಯಾನಟೋರಿಯಂನಿಂದ.

ಹೇಗೆ ಅಂತ ನೋಡೋಣ.

1850ರ ದಶಕ, ಸೈಲೀಶಿಯಾದ ಬೆಟ್ಟಗಳ ನಡುವಿನ ಗೋರ್ಬರ್ಸ್‌ಡಾರ್ಫ್ ಅನ್ನೋ ಹಳ್ಳಿ. ಈಗ ಅದು ಪೋಲೆಂಡಿನಲ್ಲಿದೆ. ಅಲ್ಲಿ ಹರ್ಮನ್ ಬ್ರೇಮರ್ ಅನ್ನೋ ವೈದ್ಯ ಕ್ಷಯರೋಗಿಗಳಿಗೆ ಆಸ್ಪತ್ರೆ ಶುರು ಮಾಡಿದ. ಕ್ಷಯ ಬರೋದು ಶ್ವಾಸಕೋಶಕ್ಕೆ ತಕ್ಕಷ್ಟು ದೊಡ್ಡ ಹೃದಯ ಇಲ್ಲದವರಿಗೆ, ಗುಡ್ಡ ಹತ್ತಿಸಿದರೆ ಹೃದಯ ಬಲವಾಗುತ್ತೆ ಅನ್ನೋದು ಅವನ ಸಿದ್ಧಾಂತ. ಹಾಗಾಗಿ ಅವನ ರೋಗಿಗಳು ನಡೀಬೇಕಿತ್ತು, ಜೊತೆಗೆ ಹೊಟ್ಟೆ ತುಂಬ ತಿನ್ನಬೇಕಿತ್ತು. ಸಿದ್ಧಾಂತ ಪೂರ್ತಿ ತಪ್ಪು. ಆದರೆ ಜನ ಅಲ್ಲಿಗೆ ಹೋದರು, ಕೆಲವರು ಚೇತರಿಸಿಕೊಂಡರು.

ಹಾಗೆ ಚೇತರಿಸಿಕೊಂಡವರಲ್ಲಿ ಪೀಟರ್ ಡೆಟ್‌ವೈಲರ್ ಒಬ್ಬ. ಮೊದಲು ಬ್ರೇಮರ್‌ನ ರೋಗಿ, ಆಮೇಲೆ ಸಹಾಯಕ. 1876ರಲ್ಲಿ ಫ್ರಾಂಕ್‌ಫರ್ಟ್ ಹತ್ತಿರದ ಫಾಲ್ಕೆನ್‌ಸ್ಟೈನ್‌ನಲ್ಲಿ ಸ್ವಂತ ಸ್ಯಾನಟೋರಿಯಂ ವಹಿಸಿಕೊಂಡು, ಗುರುವಿನ ಮಾತನ್ನು ತಿರುಗಿಸಿಬಿಟ್ಟ. ನಡೆಯೋದು ಬೇಡ, ಮಲಗಿ. ಜಗಲಿಯಲ್ಲಿ ಒರಗುಕುರ್ಚಿ, ಮೈಮೇಲೆ ಕಂಬಳಿ, ಎದುರಿಗೆ ತಣ್ಣನೆ ಗಾಳಿ, ಗಂಟೆಗಟ್ಟಲೆ ಅಲ್ಲಾಡದೆ ಇರೋದು. ನಡುನಡುವೆ ಊಟ, ಹಾಲು, ಮತ್ತೆ ಊಟ. ಸ್ವಿಟ್ಜರ್‌ಲೆಂಡಿನ ದಾವೋಸ್ ಇದನ್ನೇ ದೊಡ್ಡ ಉದ್ಯಮ ಮಾಡಿಕೊಂಡಿತು. ಥಾಮಸ್ ಮನ್ ತನ್ನ ಹೆಂಡತಿ ದಾವೋಸ್‌ನಲ್ಲಿ ಚಿಕಿತ್ಸೆಗಿದ್ದಾಗ 1912ರಲ್ಲಿ ನೋಡಲು ಹೋಗಿದ್ದ. ಆ ಭೇಟಿಯಿಂದ ಹುಟ್ಟಿದ ಕಾದಂಬರಿ 'ದ ಮ್ಯಾಜಿಕ್ ಮೌಂಟನ್' ಬಂದದ್ದು 1924ರಲ್ಲಿ. ಅದರಲ್ಲಿ ಜನ ದಿನಕ್ಕೆ ಐದು ಸಲ ಉಣ್ಣುತ್ತಾರೆ, ಉಳಿದ ಹೊತ್ತು ಮಲಗಿರುತ್ತಾರೆ.

ಇಂಗ್ಲೆಂಡಿನ ಫ್ರಿಮ್ಲಿಯಲ್ಲಿ ಮಾರ್ಕಸ್ ಪ್ಯಾಟರ್ಸನ್ ಮತ್ತೆ ಬ್ರೇಮರ್ ಕಡೆಗೆ ವಾಲಿದ. ಅವನ ಹತ್ತಿರ ಬರುತ್ತಿದ್ದವರು ಲಂಡನ್ನಿನ ದುಡಿಯೋ ಜನ. ತಿಂಗಳುಗಟ್ಟಲೆ ಮಲಗಿಸಿ, ಮೈ ತುಂಬಿಸಿ ಕಳಿಸಿದರೆ ವಾಪಸ್ ಹೋಗಿ ಕೆಲಸ ಮಾಡೋಕೆ ಆಗ್ತಿರಲಿಲ್ಲ. ಅವನು ಮೊದಲು ನಡಿಗೆ ಕೊಟ್ಟ, ಆಮೇಲೆ ಬುಟ್ಟಿಯಲ್ಲಿ ಮಣ್ಣು ಹೊರೋದು, ಆಮೇಲೆ ಸಣ್ಣ ಸಲಿಕೆ, ಆಮೇಲೆ ದೊಡ್ಡ ಸಲಿಕೆ. ಜ್ವರ ಬಂತೋ, ಮತ್ತೆ ಹಾಸಿಗೆ. ಅವನು ಕೊಟ್ಟ ಕಾರಣವೂ ಇವತ್ತು ನಿಲ್ಲೋದಿಲ್ಲ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಶ್ರಮ ಹೆಚ್ಚಿಸೋ ಆ ಕ್ರಮ ನೋಡಿದರೆ ನನಗೆ ನಮ್ಮ ವಾರ್ಡಿನ ಫಿಸಿಯೋ ಹುಡುಗಿಯೇ ಕಣ್ಣಿಗೆ ಬರ್ತಾಳೆ.

ಅಂದ್ರೆ ನಡೀಬೇಕೋ ಮಲಗಬೇಕೋ ಅನ್ನೋ ಜಗಳ ಐವತ್ತು ವರ್ಷ ಬಗೆಹರಿಯಲಿಲ್ಲ. ಊಟದ ಬಗ್ಗೆ ಮಾತ್ರ ಮೂವರಿಗೂ ಒಂದೇ ಅಭಿಪ್ರಾಯ. ಮೊಟ್ಟೆ, ಹಾಲು, ಮಾಂಸ, ಬೆಣ್ಣೆ.

ನಮ್ಮಲ್ಲಿಗೂ ಅದು ಬಂತು. 1912ರಲ್ಲಿ ಭೋವಾಲಿ, 1915ರಲ್ಲಿ ಮದನಪಲ್ಲಿಯ ಆರೋಗ್ಯವರಂ. ಮೈಸೂರಿನಲ್ಲಿ ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಲ್ಲಿ ಸ್ಯಾನಟೋರಿಯಂ. ಊರವರು ಇವತ್ತಿಗೂ ಪಿಕೆಟಿಬಿ ಅಂತಾರೆ. 1928ರಲ್ಲಿ ಡೇವಿಡ್ ಚೌರಿ ಮುತ್ತು ಅನ್ನೋ ವೈದ್ಯರು ತಾಂಬರಂನಲ್ಲಿ ಶುರು ಮಾಡಿದರು, ರೈಲು ಅಲ್ಲಿ ನಿಲ್ಲೋದು ಅದರ ಹೆಸರಿನಲ್ಲಿ. ತೊಂದರೆ ಏನು ಅಂದ್ರೆ, ದೇಶದಲ್ಲಿ ಕ್ಷಯರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಕೆಲವು ಸಾವಿರ. ಹಾಸಿಗೆ ಸಿಗದವರು ಮನೆಯ ಮೂಲೆಯಲ್ಲಿ ಕೆಮ್ಮುತ್ತಾ ಸಾಯಬೇಕಿತ್ತು.

1944ರಲ್ಲಿ ಸ್ಟ್ರೆಪ್ಟೋಮೈಸಿನ್, ಅದರ ಹಿಂದೆಯೇ ಪಿಎಎಸ್ ಅನ್ನೋ ಔಷಧಿ, 1952ರಲ್ಲಿ ಐಸೋನಿಯಾಜಿಡ್. ಕ್ಷಯಕ್ಕೆ ಮೊದಲ ಸಲ ನಿಜವಾದ ಮದ್ದು ಸಿಕ್ಕಿತು. ಆಗ ಎದ್ದ ಪ್ರಶ್ನೆ ತುಂಬ ಸರಳ. ಮಾತ್ರೆ ಇದೆ ಅಂತಾದ ಮೇಲೆ ಹಾಸಿಗೆ ಯಾಕೆ?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1956ರಲ್ಲಿ ಮದ್ರಾಸಿನಲ್ಲಿ ಒಂದು ಕೇಂದ್ರ ತೆರೆದವು. ಮುಂದಾಳು ಬ್ರಿಟನ್ನಿನಿಂದ ಬಂದ ವ್ಯಾಲೇಸ್ ಫಾಕ್ಸ್. ನಗರದ ಬಡ ಬಡಾವಣೆಗಳ ಇನ್ನೂರರ ಹತ್ತಿರ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂಗೆ, ಇನ್ನೊಂದು ಮನೆಗೆ. ಇಬ್ಬರಿಗೂ ಒಂದು ವರ್ಷ ಅದೇ ಔಷಧಿ, ಐಸೋನಿಯಾಜಿಡ್ ಮತ್ತು ಪಿಎಎಸ್.

ಮನೆ ಅಂದ್ರೆ ಎಂಥ ಮನೆ? ಒಂದೇ ಕೋಣೆ, ಅದರಲ್ಲಿ ಇಡೀ ಸಂಸಾರ. ಊಟ ಅಂದ್ರೆ ಹೆಚ್ಚಾಗಿ ಅನ್ನ, ಒಂಚೂರು ಸಾರು. ರೋಗಿ ಮಲಗಿರೋ ಹಾಗೂ ಇಲ್ಲ. ಕೂಲಿಗೆ ಹೋಗದಿದ್ದರೆ ಆ ಅನ್ನವೂ ಇಲ್ಲ. ಸ್ಯಾನಟೋರಿಯಂನಲ್ಲಿ ಹಾಸಿಗೆ, ಗಾಳಿ, ದಾದಿಯರು, ಒಳ್ಳೆ ಊಟ. ಎಲ್ಲರೂ ಊಹಿಸಿದ್ದು ಒಂದೇ: ಮನೆಯವರು ಸೋಲ್ತಾರೆ.

ಸೋಲಲಿಲ್ಲ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ರೋಗಾಣು ಅಡಗಿದವರು ಸ್ಯಾನಟೋರಿಯಂನಲ್ಲಿ ಶೇ. 92, ಮನೆಯಲ್ಲಿ ಶೇ. 86. ಮುಂದೆ ಐದು ವರ್ಷ ಹಿಂಬಾಲಿಸಿ ನೋಡಿದಾಗ ಆ ಸಣ್ಣ ವ್ಯತ್ಯಾಸವೂ ಕರಗಿತ್ತು, ಎರಡೂ ಕಡೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಚೆನ್ನಾಗಿದ್ದರು. ಮನೆಯವರಿಗೆ ರೋಗ ಹಬ್ಬೋ ಭಯವೂ ಇತ್ತಲ್ಲ? ಅದನ್ನೂ ಅಳೆದರು. ಮನೆಯಲ್ಲಿ ಚಿಕಿತ್ಸೆ ಪಡೆದವರ ಸಂಸಾರಕ್ಕೆ, ಸ್ಯಾನಟೋರಿಯಂಗೆ ಹೋದವರ ಸಂಸಾರಕ್ಕಿಂತ ಹೆಚ್ಚೇನೂ ಅಪಾಯ ಆಗಿರಲಿಲ್ಲ. ತಗುಲೋದು ಹೆಚ್ಚಾಗಿ ಮಾತ್ರೆ ಶುರುವಾಗೋಕೆ ಮೊದಲೇ ತಗುಲಿರುತ್ತಿತ್ತು.

ಇದರ ಬೆನ್ನಿಗೆ 1961ರಲ್ಲಿ ಊಟದ ಮೇಲೇ ಒಂದು ಪ್ರತ್ಯೇಕ ವರದಿ ಬಂತು. ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಇದರ ಮುಂದೆ. ಮನೆಯ ರೋಗಿಗಳು ಏನು ತಿಂದರು, ಎಷ್ಟು ತಿಂದರು ಅಂತ ಲೆಕ್ಕ ಹಾಕಿದ್ದಾರೆ. ಕ್ಯಾಲೊರಿ, ಕೊಬ್ಬು, ಪ್ರೋಟೀನು, ಅದರಲ್ಲೂ ಹಾಲು ಮಾಂಸದಿಂದ ಬರೋ ಪ್ರೋಟೀನು, ಕೆಲವು ವಿಟಮಿನ್ನು, ಎಲ್ಲದರಲ್ಲೂ ಅವರು ವರ್ಷಪೂರ್ತಿ ಹಿಂದೆ. ಮೈಗೆ ಶ್ರಮವೂ ಅವರಿಗೇ ಜಾಸ್ತಿ. ತೂಕ ಏರಿದ್ದು ಸ್ಯಾನಟೋರಿಯಂನವರಿಗೆ, ಮನೆಯವರಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು. ಆದರೂ ಕಫದಲ್ಲಿ ರೋಗಾಣು ಅಡಗೋ ವಿಷಯದಲ್ಲಿ ಇಬ್ಬರೂ ಹತ್ತಿರ ಹತ್ತಿರ. ಊಟ ಕಮ್ಮಿ ಇದ್ದರೂ ಮಾತ್ರೆ ಕೆಲಸ ಮಾಡುತ್ತೆ ಅನ್ನೋದು ಅವರ ತೀರ್ಮಾನ.

ಇದು ದೊಡ್ಡ ಮಾತು, ಒಳ್ಳೆಯ ಮಾತು. "ನಿನಗೆ ಹಾಲು ಮೊಟ್ಟೆಗೆ ಗತಿ ಇಲ್ಲ, ಹಾಸಿಗೆಯೂ ಇಲ್ಲ, ಹಾಗಾಗಿ ಚಿಕಿತ್ಸೆ ವ್ಯರ್ಥ" ಅಂತ ಬಡವನಿಗೆ ಹೇಳೋ ಬಾಯಿ ಮುಚ್ಚಿತು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತು, 1962ರ ರಾಷ್ಟ್ರೀಯ ಕಾರ್ಯಕ್ರಮ ಮನೆಯಲ್ಲೇ ಚಿಕಿತ್ಸೆ ಅನ್ನೋ ತಳಹದಿಯ ಮೇಲೇ ನಿಂತಿತು. ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಮುಚ್ಚಿದವು.

ಆದರೆ ಅದರ ಜೊತೆಗೆ ಇನ್ನೊಂದು ನಡೀತು. ಊಟ ಇಲ್ಲದಿದ್ದರೂ ಚಿಕಿತ್ಸೆ ಸಾಧ್ಯ ಅಂದದ್ದು, ಬಾಯಿಂದ ಬಾಯಿಗೆ ದಾಟಿ, ಊಟ ಮುಖ್ಯ ಅಲ್ಲ ಅಂತಾಯಿತು. ಮದ್ರಾಸಿನವರು ಹಾಗೆ ಹೇಳಿರಲಿಲ್ಲ. ಅವರು ಅಳೆದದ್ದು ವರ್ಷದ ಕೊನೆಗೆ ರೋಗಾಣು ಅಡಗಿತೋ ಇಲ್ಲವೋ ಅನ್ನೋದನ್ನ. ಮೂವತ್ತೈದು ಕಿಲೋಗೆ ಇಳಿದು ಬಂದವನು ಮೊದಲ ಎರಡು ತಿಂಗಳಲ್ಲೇ ಸಾಯ್ತಾನೋ, ಅವನ ಪಕ್ಕ ಮಲಗೋ ಅರೆಹೊಟ್ಟೆಯ ಮಗು ನಾಳೆ ಕಾಯಿಲೆ ಬೀಳುತ್ತೋ ಅನ್ನೋದು ಬೇರೆಯೇ ಪ್ರಶ್ನೆಗಳು. ಅವನ್ನು ಯಾರೂ ಸರಿಯಾಗಿ ಕೇಳದೆ ದಶಕಗಳು ಕಳೆದವು. ಹಾಸಿಗೆ ಎಸೆಯುವಾಗ ತಟ್ಟೆಯನ್ನೂ ಜೊತೆಗೇ ಎಸೆದುಬಿಟ್ಟೆವು ಅಂತ ನನಗನ್ನಿಸುತ್ತೆ.

ಆ ತಟ್ಟೆ ಎತ್ತಿಕೊಂಡು ಬಂದವರು ನಮ್ಮ ಕರಾವಳಿಯಲ್ಲಿ ಕೆಲಸ ಮಾಡೋರು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಇವರು ಮೊದಲು ಇಂಗ್ಲೆಂಡಿನ ಪ್ಯಾಪ್‌ವರ್ತ್ ಅನ್ನೋ ಹಳೆಯ ವಸಾಹತಿನ ದಾಖಲೆಗಳನ್ನು ಮತ್ತೆ ತೆಗೆದು ಓದಿದರು. ಅಲ್ಲಿ ಕ್ಷಯರೋಗಿಗಳಿಗೆ ಸಂಸಾರ ಸಮೇತ ಮನೆ, ಕೆಲಸ, ಕೂಲಿ, ಊಟ ಎಲ್ಲ ಇತ್ತು. ಅಲ್ಲಿ ಹುಟ್ಟಿದ ಮಕ್ಕಳಿಗೆ ರೋಗಾಣು ತಗುಲಿದರೂ ಕಾಯಿಲೆಯಾಗಿ ತಿರುಗಿದ್ದು ತೀರಾ ಕಮ್ಮಿ. ಔಷಧಿಯೇ ಇಲ್ಲದ ಕಾಲದ ಮಾತು ಇದು.

ಆಮೇಲೆ 2019ರಿಂದ ಝಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಅವರ ಪ್ರಯೋಗ, ಹೆಸರು ರೇಷನ್ಸ್. 2800 ರೋಗಿಗಳು, ಅವರ ಮನೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳೆಲ್ಲರಿಗೂ ಮಾತ್ರೆಯ ಜೊತೆ ತಿಂಗಳಿಗೆ ಹತ್ತು ಕಿಲೋ ಆಹಾರ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಒಂದು ಗುಂಪಿನಲ್ಲಿ ಮನೆಮಂದಿಗೂ ಅಕ್ಕಿ ಬೇಳೆ ಕೊಟ್ಟರು, ಇನ್ನೊಂದರಲ್ಲಿ ಕೊಡಲಿಲ್ಲ. 2023ರ ಆಗಸ್ಟಿನಲ್ಲಿ ಫಲಿತಾಂಶ ಬಂತು. ಮನೆಮಂದಿಗೂ ಊಟ ಸಿಕ್ಕ ಕಡೆ ಹೊಸದಾಗಿ ಕ್ಷಯ ಬರೋದು ಶೇ. 39 ಕಮ್ಮಿ, ಇನ್ನೊಬ್ಬರಿಗೆ ಹರಡಬಲ್ಲ ಶ್ವಾಸಕೋಶದ ಕ್ಷಯ ಶೇ. 48 ಕಮ್ಮಿ. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಹೆಚ್ಚಾದವರಿಗೆ ಸಾವಿನ ಅಪಾಯ ಶೇ. 61 ಕಮ್ಮಿ ಇತ್ತು. ಚಿಕಿತ್ಸೆ ಶುರುವಾದಾಗ ಎಂದಿನ ಕೆಲಸ ಮಾಡೋ ಸ್ಥಿತಿಯಲ್ಲಿದ್ದವರು ಬೆರಳೆಣಿಕೆಯಷ್ಟು. ಆರು ತಿಂಗಳಿಗೆ ನಾಲ್ವರಲ್ಲಿ ಮೂವರು ಕೆಲಸಕ್ಕೆ ಎದ್ದಿದ್ದರು. ಗಮನಿಸಿ, ಇಲ್ಲಿ ಊಟ ಮತ್ತು ಓಡಾಟ ಎರಡು ಬೇರೆ ವಿಷಯ ಅಲ್ಲ. ಹೊಟ್ಟೆಗೆ ಬಿದ್ದದ್ದು ಕಾಲಿಗೆ ಬಂದಿದೆ. ಈ ಪ್ರಯೋಗದಲ್ಲಿ ಚೆಟ್‌ಪೇಟ್‌ನ ಅದೇ ಸಂಸ್ಥೆಯೂ ಜೊತೆಗಿತ್ತು, ಈಗ ಅದರ ಹೆಸರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ಸರಕಾರ 2018ರಿಂದ ಕ್ಷಯರೋಗಿಗಳ ಖಾತೆಗೆ ಊಟಕ್ಕೆಂದು ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. ಸಾಲುತ್ತಾ ಅಂತ ಕಿರಾಣಿ ಅಂಗಡಿಗೆ ಹೋಗೋ ನೀವೇ ಲೆಕ್ಕ ಹಾಕಿ.

ಇಷ್ಟೆಲ್ಲ ಕ್ಷಯದ ಕಥೆ. ಸಿಒಪಿಡಿ ಬೇರೆ ಕಾಯಿಲೆ, ಅದಕ್ಕೆ ಸೋಂಕಿನ ಮಾತ್ರೆಯಿಂದ ಗುಣ ಅನ್ನೋದಿಲ್ಲ. ಆದರೆ ಮಲಗಿಸೋ ಅಭ್ಯಾಸ ಅದಕ್ಕೂ ದಾಟಿತ್ತು. ಉಸಿರು ಸಾಲದವರು ಮೈ ದಣಿಸಬಾರದು ಅಂತಲೇ ವೈದ್ಯರು ಹೇಳುತ್ತಿದ್ದರು. 1947ರಲ್ಲಿ ರಿಚರ್ಡ್ ಆಶರ್ ಅನ್ನೋ ಬ್ರಿಟಿಷ್ ವೈದ್ಯ ಹಾಸಿಗೆಯ ಅಪಾಯಗಳ ಬಗ್ಗೆಯೇ ಒಂದು ಲೇಖನ ಬರೆದ, 1950ರ ದಶಕದಲ್ಲಿ ಅಮೆರಿಕದ ಆಲ್ವನ್ ಬರಾಕ್ ಆಕ್ಸಿಜನ್ ಕೊಟ್ಟು ರೋಗಿಗಳನ್ನು ನಡೆಸಿ ನೋಡಿದ, ಮುಂದಿನ ದಶಕದಲ್ಲಿ ಡೆನ್ವರ್‌ನಲ್ಲಿ ಥಾಮಸ್ ಪೆಟ್ಟಿ ಅದನ್ನೇ ಕ್ರಮಬದ್ಧ ಚಿಕಿತ್ಸೆ ಮಾಡಿದ. ಸಿಲಿಂಡರ್ ತಳ್ಳಿಕೊಂಡು ಬಂದ ಆ ಹುಡುಗಿಯ ಹಿಂದೆ ಇಷ್ಟು ಜನ ನಿಂತಿದ್ದರು. ಇಂಥ ರೋಗಿಗೆ ಉಸಿರಾಡೋದೇ ಒಂದು ಕೂಲಿ ಕೆಲಸ. ಎದೆಯ ಸ್ನಾಯುಗಳು ಹಗಲೂ ರಾತ್ರಿ ದುಡಿದು ತಿಂದದ್ದನ್ನೆಲ್ಲ ಸುಡುತ್ತವೆ. ಹೊಟ್ಟೆ ತುಂಬ ಉಂಡರೆ ವಪೆ ಮೇಲಕ್ಕೆ ಒತ್ತಿ ಏದುಸಿರು, ಹಾಗಾಗಿ ಉಣ್ಣೋಕೇ ಭಯ. ಉಣ್ಣದಿದ್ದರೆ ತೊಡೆ ಸಣ್ಣದಾಗುತ್ತೆ, ತೊಡೆ ಸೋತರೆ ಬಚ್ಚಲಿಗೆ ಹೋಗೋಕೂ ಉಸಿರು ಬೇಕು. ಮಾವನಿಗೆ ಬೇಕಿದ್ದದ್ದು ದೊಡ್ಡ ತಟ್ಟೆ ಅಲ್ಲ, ದಿನಕ್ಕೆ ಆರು ಸಣ್ಣ ಬಟ್ಟಲು. ಇದನ್ನು ಹೇಳಿದ್ದು ನಾನು ಹುಡುಕಿಕೊಂಡು ಹೋಗಿ ಕೇಳಿದ ಮೇಲೆ. ಬಿಡುಗಡೆಯ ಕಾಗದದಲ್ಲಿ ಏಳು ಔಷಧಿಯ ಹೆಸರಿತ್ತು, ತೂಕದ ಜಾಗ ಖಾಲಿ.

ಇನ್ನೊಂದು ಮಾತು ವಿಡಿಯೊದಲ್ಲಿ ಹೇಳಿರಲಿಲ್ಲ. ಮಾವನನ್ನು ಕೇಳಿಯೇ ಬರೀತಿದ್ದೀನಿ.

ಎಕ್ಸ್-ರೇ ನೋಡಿದ ಡಾಕ್ಟರು, "ಮೊದಲು ಟಿಬಿ ಆಗಿತ್ತಾ?" ಅಂತ ಕೇಳಿದ್ದರು. ಮಾವ ಇಲ್ಲ ಅಂದರು. ಅವತ್ತು ರಾತ್ರಿ ಅತ್ತೆ ಮನೆಗೆ ಹೋದ ಮೇಲೆ, "ಆಗಿತ್ತು ಮಾರಾಯ" ಅಂದರು. 1966, ಇಪ್ಪತ್ತೆರಡು ವಯಸ್ಸು. ಸರಕಾರಿ ಕ್ಲಿನಿಕ್ಕಿನಿಂದ ಮಾತ್ರೆ ತಂದು, ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆ ಹಿಂದೆ ಬಚ್ಚಿಟ್ಟು, ಒಂದು ವರ್ಷಕ್ಕೂ ಹೆಚ್ಚು ನುಂಗಿದರಂತೆ. ಯಜಮಾನರಿಗೆ ಗೊತ್ತಾದರೆ ಕೆಲಸ ಹೋಗ್ತಿತ್ತು. ಮೊಟ್ಟೆ ತಿನ್ನು ಅಂತ ಕ್ಲಿನಿಕ್ಕಿನಲ್ಲಿ ಹೇಳಿದ್ದರು. ಎರಡು ಬೀದಿ ಆಚೆ ಒಂದು ಕೈಗಾಡಿ, ಅಲ್ಲಿ ದಿನಾ ಒಂದು ಬೇಯಿಸಿದ ಮೊಟ್ಟೆ. "ಜನಿವಾರ ಅಂಗಿ ಒಳಗೆ ತುರುಕಿಕೊಂಡು ತಿಂತಿದ್ದೆ. ಮಾತ್ರೆಗಿಂತ ಮೊಟ್ಟೆ ಮುಚ್ಚಿಡೂದೇ ಕಷ್ಟ." ಅತ್ತೆಗೆ ಇವತ್ತಿಗೂ ಗೊತ್ತಿರಲಿಲ್ಲ.

ನಾನು ಮದ್ರಾಸಿನ ಪ್ರಯೋಗದ ಬಗ್ಗೆ ಓದತೊಡಗಿದ್ದು ಆ ರಾತ್ರಿಯಿಂದ. ಯಾಕಂದ್ರೆ ಅವರು ಒಂದು ಪ್ರಶ್ನೆ ಕೇಳಿದ್ದರು. ಕೆಲಸದವರ ಕೋಣೆಯಲ್ಲಿ ಪಕ್ಕದ ಚಾಪೆಯಲ್ಲಿ ಊರ ಕಡೆಯ ಒಬ್ಬ ಹುಡುಗ ಮಲಗುತ್ತಿದ್ದ, ಕ್ಲೀನರ್. ಮರುವರ್ಷ ಅವನಿಗೆ ಕೆಮ್ಮು ಹಿಡಿಯಿತು, ಊರಿಗೆ ಹೋದ, ವಾಪಸ್ ಬರಲಿಲ್ಲ. "ನನ್ನಿಂದಲೇ ಆಯ್ತಾ ಅದು?"

ವಾರ ಬಿಟ್ಟು ನಾನು ಓದಿದ್ದನ್ನು ಹೇಳಿದೆ. ಮಾತ್ರೆ ಶುರುವಾದ ಮೇಲೆ ಜೊತೆಗಿದ್ದವರಿಗೆ ಹೆಚ್ಚು ಅಪಾಯ ಇರಲಿಲ್ಲ ಅಂತ ಇದೇ ಊರಿನಲ್ಲಿ ಅಳೆದು ನೋಡಿದ್ದಾರೆ ಮಾವ, ಅಂದೆ.

"ಶುರು ಮಾಡೂಕೆ ಮುಂಚೆ ಮೂರು ತಿಂಗಳು ಕೆಮ್ಮಿದ್ದೆ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಝಾರ್ಖಂಡಿನ ವಿಷಯ ಹೇಳಿದೆ, ಊಟ ಸರಿಯಿದ್ದ ಮನೆಗಳಲ್ಲಿ ಪಕ್ಕದವರಿಗೆ ಬರೋದು ಕಮ್ಮಿಯಾದದ್ದನ್ನ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಅಡುಗೆಯವರಿಗೆ ಮೊದಲ ಪಂಕ್ತಿ. ಕ್ಲೀನರ್ ಹುಡುಗರಿಗೆ ರಾತ್ರಿ ಹನ್ನೊಂದಕ್ಕೆ, ಉಳಿದದ್ದು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮಂಚದಿಂದ ಕಾಲು ಇಳಿಬಿಟ್ಟು, ಸಿಲಿಂಡರಿನ ಗಾಡಿ ಎಳೆದುಕೊಡು ಅಂತ ಕೈ ತೋರಿಸಿದರು. ಕಾರಿಡಾರಿನ ಆ ತುದಿಯವರೆಗೆ ಹೋಗಿ ಬಂದೆವು. ಬಂದವರು ಅರ್ಧ ಬಟ್ಟಲು ಹೆಸರುಬೇಳೆ ಪಾಯಸ ಕೇಳಿ ಉಂಡರು.